ಹ್ಯಾಮ್ ಮೇಲಿನ ಆ ಹೊಳಪು

ಮೊದಲ ಸಲ ಹ್ಯಾಮ್‌ಗೆ ಹಣ್ಣಿನ ಗ್ಲೇಜ್, ಅಂದರೆ ಹೊಳಪು ಕೊಡುವ ಸಿಹಿ ಲೇಪ, ಹಚ್ಚಿದಾಗ ನಾನು ಆತುರ ಮಾಡಿದೆ. ಓವನ್‌ಗೆ ಇಡುವ ಮೊದಲೇ ಧಾರಾಳವಾಗಿ ಬಳಿದುಬಿಟ್ಟೆ. ಎರಡು ಗಂಟೆ ಬಿಟ್ಟು ನೋಡಿದರೆ ಮೇಲೆಲ್ಲ ಇದ್ದಿಲು, ಟ್ರೇ ತಳದಲ್ಲಿ ಟಾರಿನಂಥ ಅಂಟು. ಸಿಹಿ ಹೋಗಿ ಬರೀ ಕಹಿ. ಗ್ಲೇಜ್ ಅಂದರೆ ಸಕ್ಕರೆಯ ಆಟ ಅಂದುಕೊಂಡಿದ್ದೆ. ನಿಜವಾಗಿ ಅದು ನೀರಿನ ಲೆಕ್ಕ.

ಹ್ಯಾಮ್ ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿಯ ಹಿಂಗಾಲು. ಸಾಮಾನ್ಯವಾಗಿ ನೈಟ್ರೈಟ್ ಎಂಬ ಲವಣ ಕೂಡ ಹಾಕಿರುತ್ತಾರೆ. ಬೆಂದ ಮೇಲೂ ಗುಲಾಬಿ ಬಣ್ಣ ಉಳಿಯುವುದು ಅದರಿಂದ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಹ್ಯಾಮ್ ಮೊದಲೇ ಬೆಂದಿರುತ್ತದೆ. ಹಾಗಾಗಿ ಓವನ್‌ಗೆ ಒಳಗಡೆ ಬಿಸಿ ಮಾಡುವುದಷ್ಟೇ ಕೆಲಸ. ನಮ್ಮ ಕೈಚಳಕವೆಲ್ಲ ಹೊರಗಡೆ.

ಕಿತ್ತಳೆ, ಅನಾನಸ್, ಚೆರ್ರಿ, ಏಪ್ರಿಕಾಟ್, ಯಾವುದಾದರೂ ಸರಿ. ರಸ ಅಥವಾ ಜಾಮ್‌ಗೆ ಕಂದು ಸಕ್ಕರೆ, ಸ್ವಲ್ಪ ವಿನೆಗರ್, ಒಂದು ಚಮಚ ಅರೆದ ಸಾಸಿವೆ ಹಾಕಿ ಕುದಿಯಲು ಇಡಿ. ಈಗ ಪಾತ್ರೆ ಬಿಟ್ಟು ಕದಲಬೇಡಿ. ಬರೀ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಅಲ್ವಾ? ಸಕ್ಕರೆ ಕರಗಿದ ನೀರಿಗೆ ಅಷ್ಟು ಸಾಲದು. ತೂಕದಲ್ಲಿ ನೂರಕ್ಕೆ 65 ಪಾಲು ಸಕ್ಕರೆಯಾದಾಗ ಕುದಿಯುವ ಬಿಂದು ಸುಮಾರು 104ಕ್ಕೆ ಏರಿರುತ್ತದೆ. ನೀರು ಹೋದಷ್ಟೂ ಇನ್ನೂ ಮೇಲೆ. ಥರ್ಮಾಮೀಟರ್ ಬೇಡ ಅಂದರೆ ಗುಳ್ಳೆ ನೋಡಿ. ಮೊದಮೊದಲು ಸಣ್ಣವು, ಪಟಪಟ ಒಡೆಯುತ್ತವೆ. ಆಮೇಲೆ ದಪ್ಪಗಾಗಿ ಸೋಮಾರಿಗಳ ಹಾಗೆ ಬುಳುಕ್ ಅನ್ನುತ್ತವೆ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳು ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಳ್ಳದಿದ್ದರೆ ಸಾಕು, ಇಳಿಸಿ. ಬಿಸಿಯಲ್ಲಿ ತೆಳ್ಳಗೆ ಕಂಡದ್ದು ಆರಿದ ಮೇಲೆ ಮಂದವಾಗುತ್ತದೆ.

ಹಣ್ಣಿನ ಪೆಕ್ಟಿನ್ ಇಲ್ಲಿ ಸಹಾಯಕ್ಕೆ ಬರುತ್ತದೆ. ಅದಕ್ಕೆ ಆ ಹೆಸರಿಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ರಿ ಬ್ರಾಕೊನೊ, 1825ರಲ್ಲಿ. ಪೆಕ್ಟಿನ್ ಉದ್ದುದ್ದ ಎಳೆಗಳ ಅಣು. ನೀರಿನಲ್ಲಿ ಈ ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಈ ತಳ್ಳಾಟ ತಗ್ಗಿಸುತ್ತದೆ, ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಪೆಕ್ಟಿನ್ ಇರುವ ಜಾಮ್ ಜಾರದೆ ನಿಲ್ಲುವುದು, ಬರೀ ರಸ ಹರಿದು ಹೋಗುವುದು ಇದಕ್ಕೇ.

ಅನಾನಸ್‌ನದ್ದು ಬೇರೆ ಕಥೆ. ಹಸಿ ಅನಾನಸ್‌ನಲ್ಲಿ ಪ್ರೋಟೀನ್ ಕತ್ತರಿಸುವ ಬ್ರೊಮೆಲಿನ್ ಎಂಬ ಕಿಣ್ವವಿದೆ. ಹಸಿ ರಸ ಹಚ್ಚಿ ತುಂಬಾ ಹೊತ್ತು ಬಿಟ್ಟರೆ ಮಾಂಸದ ಮೇಲ್ಭಾಗ ಮೆತ್ತಗೆ ಹಿಟ್ಟಿನಂತಾಗುತ್ತದೆ. ಕುದಿಸಿದರೆ ಅದರ ಆಟ ಮುಗಿಯಿತು. ಡಬ್ಬಿಯ ಅನಾನಸ್ ಮೊದಲೇ ಬಿಸಿ ಕಂಡಿರುವುದರಿಂದ ಅದಕ್ಕೂ ಈ ತಾಪತ್ರಯ ಇಲ್ಲ.

ಹ್ಯಾಮ್‌ನ ಕೊಬ್ಬಿಗೂ ನೀರಿಗೂ ಆಗಿಬರುವುದಿಲ್ಲ. ಅದಕ್ಕೇ ಕೊಬ್ಬಿನ ಮೇಲೆ ಚಾಕುವಿನಿಂದ ಅಡ್ಡಡ್ಡ ಗೀರುತ್ತಾರೆ. ಕೊಬ್ಬು ಕರಗಿ ಗೀರು ಅಗಲವಾದಾಗ ಗ್ಲೇಜ್‌ಗೆ ಕಾಲೂರಲು ಜಾಗ ಸಿಗುತ್ತದೆ. ಸುಮ್ನೆ ಅಲಂಕಾರ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ.

ಈಗ ನನ್ನ ಇದ್ದಿಲಿನ ವಿಷಯ. ಹಚ್ಚಿದ ಗ್ಲೇಜ್‌ನಲ್ಲಿ ಸಾಕಷ್ಟು ನೀರು ಇರುವ ತನಕ ಆವಿಯ ಜೊತೆ ಶಾಖವೂ ಹೊರಟುಹೋಗುತ್ತದೆ. ಓವನ್ 200 ಡಿಗ್ರಿ ಇದ್ದರೂ ಆ ಪದರ 100ರ ಆಸುಪಾಸಿನಲ್ಲೇ ಇರುತ್ತದೆ. ನೀರು ಮುಗಿಯಿತೋ, ಬಿಸಿ ಸರಸರ ಏರುತ್ತದೆ. ಹಣ್ಣಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಸುಮಾರು 110 ಡಿಗ್ರಿಗೇ ಕ್ಯಾರಮೆಲ್ ಆಗತೊಡಗುತ್ತದೆ, ಅಂದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮಾಮೂಲಿ ಸಕ್ಕರೆಗೆ ಸುಮಾರು 160 ಬೇಕು. ಜೊತೆಗೆ ಮಯಾರ್ ಕ್ರಿಯೆಯೂ ಶುರುವಾಗುತ್ತದೆ. ಲೂಯಿ ಕಾಮಿ ಮಯಾರ್ 1912ರಲ್ಲಿ ವಿವರಿಸಿದ, ಸಕ್ಕರೆ ಮತ್ತು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲ ಸೇರಿ ಕಂದು ಬಣ್ಣ, ಘಮ ಕೊಡುವ ಕ್ರಿಯೆ ಅದು. ಕಂದು ಬಣ್ಣದಿಂದ ಕಪ್ಪಿಗೆ ಕೆಲವೇ ನಿಮಿಷದ ದಾರಿ. ಆದ್ದರಿಂದ ಕೊನೆಯ 20-30 ನಿಮಿಷದಲ್ಲಿ ಮಾತ್ರ, ತೆಳ್ಳಗೆ, ಎರಡು ಮೂರು ಸಲ ಹಚ್ಚಬೇಕು.

ಹೊಳಪು ಎಲ್ಲಿಂದ ಬಂತು? ಹುಳಿ ಮತ್ತು ಬಿಸಿ ಸೇರಿ ಒಂದಷ್ಟು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತವೆ. ಬೇರೆ ಬೇರೆ ಸಕ್ಕರೆಗಳು ಬೆರೆತರೆ ಹರಳು ಕಟ್ಟುವುದು ಕಷ್ಟ. ಹರಳಿಲ್ಲದ ಪದರ ಗಾಜಿನಂತೆ ನುಣುಪಾಗಿ ನಿಂತು ಬೆಳಕನ್ನು ನೇರ ನಮ್ಮ ಕಣ್ಣಿಗೆ ಹೊಡೆಯುತ್ತದೆ. ಹರಳು ಕಟ್ಟಿದ್ದರೆ ಬೆಳಕು ಚದುರಿ ಮೇಲ್ಮೈ ಮಂಕಾಗುತ್ತಿತ್ತು.

ಹೊರತೆಗೆದ ಮೇಲೆ ಬಿಗಿಯಾಗಿ ಮುಚ್ಚಬೇಡಿ. ಆವಿ ಒಳಗೇ ನಿಂತು, ಹೋದ ನೀರು ವಾಪಸ್ ಬರುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ನೋಡಿ. ರಾತ್ರಿಯೆಲ್ಲ ಸಕ್ಕರೆ ಮಾಂಸದಿಂದ ನೀರು ಎಳೆದುಕೊಂಡಿರುತ್ತದೆ. ಗಾಜು ಹೋಗಿ ತಟ್ಟೆಯಲ್ಲಿ ಪಾಕ ನಿಂತಿರುತ್ತದೆ.