‘ಅಪ್ರಜ್ಞಾಪೂರ್ವಕ’ ಎಂದರೆ ಪ್ರಜ್ಞೆ ತಪ್ಪಿದ್ದಲ್ಲ

ಭಾಷಾ ಕಲಿಕೆಯ ಕುರಿತ ಬರಹವೊಂದರಲ್ಲಿ, ಇಂಗ್ಲಿಷಿನ ‘ಅನ್‌ಕಾನ್ಷಸ್ ಲರ್ನಿಂಗ್’ಗೆ ಸಾಟಿಯಾಗಿ ಬಳಸುವ ‘ಪ್ರಜ್ಞಾಹೀನ ಕಲಿಕೆ’ ಎಂಬ ಮಾತನ್ನು ಮತ್ತೊಮ್ಮೆ ಓದಬೇಕಾಯಿತು. ಕನ್ನಡದಲ್ಲಿ ಪ್ರಜ್ಞಾಹೀನರೆಂದರೆ ಮೂರ್ಛೆ ಹೋದವರು. ಅವರ ಮುಖಕ್ಕೆ ನೀರು ಚಿಮುಕಿಸುತ್ತಾರೆಯೇ ಹೊರತು ವ್ಯಾಕರಣ ಹೇಳಿಕೊಡುವುದಿಲ್ಲ. ಇದಕ್ಕಿಂತ ವಾಸಿಯೆಂದು ಕೆಲವರು ಬಳಸುವ ‘ಸುಪ್ತಪ್ರಜ್ಞೆಯ ಕಲಿಕೆ’ಯೂ ದಾರಿ ತಪ್ಪಿಸುವಂಥದ್ದೇ. ಸುಪ್ತ ಎಂದರೆ ನಿದ್ರಿಸಿದ್ದು; ಸ್ವಪ್ನಕ್ಕೂ ಅದಕ್ಕೂ ಧಾತು ಒಂದೇ. ಮಲಗಿದ್ದಾಗ ಧ್ವನಿಮುದ್ರಿಕೆ ಕೇಳಿಸಿ ಭಾಷೆ ಕಲಿಸುತ್ತೇವೆನ್ನುವವರಿಗೆ ಈ ಪದ ಬಲು ಪ್ರಿಯವಾಗಿರುವುದು ಆಶ್ಚರ್ಯವಲ್ಲ.

ತೊಡಕಿನ ಬೇರು ‘ಪ್ರಜ್ಞೆ’ಯಲ್ಲೇ ಇದೆ. ‘ಜ್ಞಾ’ ಧಾತುವಿಗೆ ‘ಪ್ರ’ ಉಪಸರ್ಗ ಸೇರಿ ಆದ ಈ ಪದಕ್ಕೆ ಸಂಸ್ಕೃತದಲ್ಲಿ ವಿವೇಕ, ಪಕ್ವವಾದ ತಿಳಿವಳಿಕೆ ಎಂಬ ಅರ್ಥವಿದ್ದು, ‘ಸ್ಥಿತಪ್ರಜ್ಞ’ದಲ್ಲಿ ಅದು ಇಂದಿಗೂ ಉಳಿದಿದೆ. ಕನ್ನಡದಲ್ಲಾದರೋ ‘ಪ್ರಜ್ಞೆ ತಪ್ಪಿತು’ ಎಂದಾಗ ಅದು ಎಚ್ಚರ, ‘ಕರ್ತವ್ಯಪ್ರಜ್ಞೆ’ ಎಂದಾಗ ಅರಿವು, ‘ಪ್ರಜ್ಞಾಪೂರ್ವಕವಾಗಿ ದೂರವಿಟ್ಟರು’ ಎಂದಾಗ ಉದ್ದೇಶ. ಹಾಗಿರುವಾಗ ‘ಅಪ್ರಜ್ಞಾಪೂರ್ವಕ’ ಎಂದು ಬರೆದವರು ಎಚ್ಚರವಿಲ್ಲದ್ದನ್ನು ಹೇಳುತ್ತಿದ್ದಾರೆಯೇ, ಉದ್ದೇಶವಿಲ್ಲದ್ದನ್ನೇ, ಅರಿವಿಲ್ಲದ್ದನ್ನೇ ಎಂಬುದು ಓದುಗರ ಮಾತಿರಲಿ, ಎಷ್ಟೋ ಸಲ ಬರೆದವರಿಗೇ ಸ್ಪಷ್ಟವಿರುವುದಿಲ್ಲ.

ಭಾಷೆಯ ವಿಷಯದಲ್ಲಿ ಮುಖ್ಯವಾಗಿ ಬೇಕಾದದ್ದು ಕೊನೆಯ ಅರ್ಥ: ನಿಯಮವೊಂದನ್ನು ತಪ್ಪದೆ ಬಳಸುತ್ತಿದ್ದರೂ ಅದು ನಮಗೆ ಗೊತ್ತಿದೆಯೆಂಬ ಅರಿವೇ ಇಲ್ಲದಿರುವುದು. ಈಗಷ್ಟೇ ಹುಟ್ಟಿಸಿದ ‘ಟಬ್ಬ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಅದು ವಸ್ತುವಾದರೆ ‘ಟಬ್ಬಕ್ಕೆ ಬಣ್ಣ ಬಳಿ’ ಎನ್ನುತ್ತೇವೆ. ಗಂಡಸಿನ ಹೆಸರಾದರೆ ‘ಟಬ್ಬನಿಗೆ ಹೇಳು’. ಪದ ‘ಟಬ್ಬೆ’ಯಾದರೆ ‘ಟಬ್ಬೆಗೆ’. ಅಕಾರಾಂತ ನಪುಂಸಕಲಿಂಗಕ್ಕೆ ‘ಕ್ಕೆ’ ಹತ್ತುತ್ತದೆಂಬ ಸೂತ್ರವನ್ನು ಕೇಳಿಯೇ ಇರದವರೂ ಇಲ್ಲಿ ತಡವರಿಸುವುದಿಲ್ಲ, ಏಕೆ ಹಾಗೆಂದು ಕೇಳಿದರೆ ಮಾತ್ರ ‘ಹಾಗೇ ಹೇಳುವುದು’ ಎನ್ನುತ್ತಾರೆ. ಇಂಗ್ಲಿಷ್ ಮಾತಾಡುವ ಮಕ್ಕಳು ಕೇಳರಿಯದ ಕಟ್ಟುಪದಗಳಿಗೂ ಸರಿಯಾದ ಬಹುವಚನ ಹಚ್ಚಬಲ್ಲರೆಂದು ಮಕ್ಕಳ ಭಾಷೆಯನ್ನು ಅಧ್ಯಯನ ಮಾಡಿದ ಜೀನ್ ಬರ್ಕೊ 1958ರಲ್ಲೇ ತೋರಿಸಿದ್ದರು.

ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶನ್ ಹೀಗೆ ಅರಿವಿಲ್ಲದೆ ಭಾಷೆ ಮೈಗೂಡುವುದನ್ನು ‘ಗಳಿಕೆ’ಯೆಂದೂ ನಿಯಮ ತಿಳಿದು ಕಲಿಯುವುದನ್ನು ‘ಕಲಿಕೆ’ಯೆಂದೂ ಬೇರ್ಪಡಿಸಿ, ಎರಡನೆಯದು ಮೊದಲನೆಯದಾಗಿ ಮಾರ್ಪಡುವುದಿಲ್ಲವೆಂದು ವಾದಿಸಿದರು. ಆ ವಾದವನ್ನು ಒಪ್ಪದವರು ಬಹಳ. ಆದರೆ ವಿವಾದದ ಗೊಡವೆಯಿಲ್ಲದೆ ಅದನ್ನು ‘ಕಿವಿಗೆ ಬಿದ್ದರೆ ಸಾಕು, ಭಾಷೆ ತಾನಾಗಿ ಬರುತ್ತದೆ’ ಎಂದು ಇಳಿಸಿಕೊಂಡವರು ಇನ್ನೂ ಬಹಳ.

ಉದ್ದೇಶ, ಗಮನ, ಅರಿವು ಬೇರೆಬೇರೆ ಎಂದು ಬಿಡಿಸಿಟ್ಟವರು ಮತ್ತೊಬ್ಬ ಭಾಷಾವಿಜ್ಞಾನಿ ರಿಚರ್ಡ್ ಶ್ಮಿಟ್. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಕಲಿಯುತ್ತ ದಿನಚರಿ ಬರೆದಿಟ್ಟ ಅವರು, ಸುತ್ತಲಿನವರ ಮಾತಿನಲ್ಲಿ ತಾವು ಗುರುತಿಸಿದ ರೂಪಗಳೇ ತಮ್ಮ ಬಾಯಲ್ಲೂ ಬರತೊಡಗಿದ್ದನ್ನು ಕಂಡರು. ಕಲಿಯುವ ಉದ್ದೇಶವಿಲ್ಲದೆ ಕಥೆ ಕೇಳುತ್ತ ಕುಳಿತವರಿಗೂ ಹೊಸ ಪದವೊಂದು ದಕ್ಕಬಹುದು, ಏಕೆಂದರೆ ಕಥೆಯ ಮೇಲೆ ಅವರ ಗಮನವಿತ್ತು. ಇದನ್ನು ‘ಅನುದ್ದೇಶಿತ ಕಲಿಕೆ’ ಎನ್ನಬಹುದು. ‘ಟಬ್ಬಕ್ಕೆ’ಯಂಥದ್ದನ್ನು ‘ಅರಿವಿಗೆ ಬಾರದ ಕಲಿಕೆ’ ಎನ್ನಬಹುದು. ಎರಡಕ್ಕೂ ‘ಪ್ರಜ್ಞಾಹೀನ’ವನ್ನು ಎಳೆದು ತರುವ ಅಗತ್ಯವಿಲ್ಲ.