ಸೊಳ್ಳೆ ಹಿಡಿಯುವ ಬಲೆಗಳು: ಹೋಲಿಕೆ ಶುರುವಾಗಬೇಕಾದದ್ದು ಸೊಳ್ಳೆಯ ಹೊಟ್ಟೆಯಿಂದ

ಸಮೀಕ್ಷೆಗೆಂದು ಸೊಳ್ಳೆ ಹಿಡಿಯುವ ಯಾವ ಬಲೆಯೂ ಊರಿನ ಸೊಳ್ಳೆಗಳನ್ನೆಲ್ಲ ಎಣಿಸುವುದಿಲ್ಲ. ಹಸಿದ ಹೆಣ್ಣು ಸೊಳ್ಳೆ ರಕ್ತ ಹುಡುಕಿಕೊಂಡು ಹಾರುತ್ತದೆ. ಕುಡಿದ ಮೇಲೆ ಎರಡು ಮೂರು ದಿನ ಗೋಡೆಯ ಮೂಲೆಯಲ್ಲೋ ನೇತುಹಾಕಿದ ಬಟ್ಟೆಯ ಹಿಂದೋ ಸುಮ್ಮನೆ ಕೂರುತ್ತದೆ. ಮೊಟ್ಟೆ ಬಲಿತ ಮೇಲೆ ನೀರು ಹುಡುಕುತ್ತದೆ. ಒಂದೊಂದು ಬಲೆ ಈ ಮೂರರಲ್ಲಿ ಒಂದು ಹೊತ್ತಿಗೆ ಹೊಂಚು ಹಾಕುತ್ತದೆ, ಅಷ್ಟೆ. 'ಬಲೆಗಳನ್ನು ಹೋಲಿಸಿ' ಎಂಬ ಪ್ರಶ್ನೆ ಬಂದ ಕೂಡಲೇ ನಾವು ಬೆಲೆ, ತೂಕ, ಬ್ಯಾಟರಿ ಎಂದು ಕೋಷ್ಟಕ ಹಾಕಿಬಿಡುತ್ತೇವೆ. ಅದಕ್ಕೂ ಮೊದಲು ಸೊಳ್ಳೆಯ ಹೊಟ್ಟೆ ನೋಡಬೇಕು: ಖಾಲಿಯೇ (ಹಸಿದದ್ದು), ಕೆಂಪಗಿದೆಯೇ (ಈಗಷ್ಟೇ ಕುಡಿದದ್ದು), ಅರ್ಧ ಕಪ್ಪು ಅರ್ಧ ಬಿಳಿಯೇ (ರಕ್ತ ಕರಗುತ್ತ ಮೊಟ್ಟೆ ಬೆಳೆಯುತ್ತಿರುವುದು), ಪೂರ್ತಿ ಬಿಳಿಚಿ ಉಬ್ಬಿದೆಯೇ (ಮೊಟ್ಟೆ ಬಲಿತದ್ದು)?

ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಕೇಂದ್ರ) ಹೆಸರಿನ ಲೈಟ್ ಟ್ರ್ಯಾಪ್, ಅಂದರೆ ಬೆಳಕಿನ ಬಲೆ, ಹಿಡಿಯುವುದು ಹೆಚ್ಚಾಗಿ ಖಾಲಿ ಹೊಟ್ಟೆಯವನ್ನು. ಅದಕ್ಕೂ ಹಿಂದಿನ ನ್ಯೂಜೆರ್ಸಿ ಟ್ರ್ಯಾಪ್‌ಗೆ ಲೈನ್ ಕರೆಂಟ್ ಬೇಕಿತ್ತು. 1962ರಲ್ಲಿ ಸುಡಿಯಾ ಮತ್ತು ಚೇಂಬರ್ಲೇನ್ ಎಂಬ ಸಂಶೋಧಕರು ವಿವರಿಸಿದ ಸಿಡಿಸಿ ಬಲೆ 6 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ: ಸಣ್ಣ ಬಲ್ಬು, ಅದರ ಕೆಳಗೆ ಫ್ಯಾನು, ಅದರ ಕೆಳಗೆ ಜಾಲರಿ ಚೀಲ. ಪಕ್ಕದಲ್ಲಿ ಡ್ರೈ ಐಸ್ ನೇತುಹಾಕಿದರೆ, ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರಿಂದಲೂ ಬರುವುದರಿಂದ, ಸೊಳ್ಳೆ ಇನ್ನಷ್ಟು ಬೀಳುತ್ತದೆ. ಡ್ರೈ ಐಸ್ ಸಿಗದ ಕಡೆ ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಗದ್ದೆ ಬಯಲಿನ ಕೊಟ್ಟಿಗೆಗಳ ಹತ್ತಿರ, ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಹುಡುಕುವುದಕ್ಕೆ ಇದು ಒಳ್ಳೆಯ ಬಲೆ. ಆದರೆ ಹುಣ್ಣಿಮೆಯ ಬೆಳಕಿಗೆ, ಬೀದಿದೀಪಕ್ಕೆ ಅದರ ಬಲ್ಬು ಸೋಲುತ್ತದೆ. ಬೆಳಿಗ್ಗೆ ಚೀಲವನ್ನು ಬಿಳಿ ಟ್ರೇಗೆ ಕೊಡವಿದರೆ ಪತಂಗದ ರೆಕ್ಕೆಪುಡಿ, ಜೀರುಂಡೆ, ಸಣ್ಣ ನೊಣಗಳ ನಡುವೆ ಸೊಳ್ಳೆಯನ್ನು ಹೆಕ್ಕಬೇಕು. ಹಗ್ಗಕ್ಕೆ ಗ್ರೀಸ್ ಸವರುವುದನ್ನು ಮರೆತರೆ ಇರುವೆಗಳು ಇಳಿದು ಬಂದು ಕಾಲು, ರೆಕ್ಕೆ ಮಾತ್ರ ಉಳಿಸಿರುತ್ತವೆ.

ಗ್ರಾವಿಡ್ ಟ್ರ್ಯಾಪ್, ಅಂದರೆ ಮೊಟ್ಟೆ ತುಂಬಿದ ಸೊಳ್ಳೆಯ ಬಲೆ, ಇದಕ್ಕೆ ತದ್ವಿರುದ್ಧ. 1983ರಲ್ಲಿ ರೈಟರ್ ಎಂಬ ಸಂಶೋಧಕ ರೂಪಿಸಿದ ಈ ಬಲೆಯಲ್ಲಿ ಹುಲ್ಲು ಕೊಳೆಸಿದ ನೀರಿನ ತಟ್ಟೆಯ ಮೇಲೆ ಫ್ಯಾನು ಇರುತ್ತದೆ. ಚರಂಡಿ ವಾಸನೆ ಬಯಸುವ ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್ ಮೊಟ್ಟೆಯಿಡಲು ಬಂದು ಸಿಕ್ಕಿಬೀಳುತ್ತದೆ. ಅವು ಒಮ್ಮೆಯಾದರೂ ರಕ್ತ ಕುಡಿದವು. ಹಾಗಾಗಿ ವೈರಸ್ ಪರೀಕ್ಷೆಗೆ ಈ ಬಲೆಯ ಐವತ್ತು ಸೊಳ್ಳೆ, ಲೈಟ್ ಟ್ರ್ಯಾಪ್‌ನ ಐವತ್ತಕ್ಕಿಂತ ಹೆಚ್ಚು ಬೆಲೆ ಬಾಳುತ್ತವೆ.

ಗೋಡೆಯ ಮೇಲೆ ಕೂತವನ್ನು ಟಾರ್ಚ್ ಹಿಡಿದು ಆಸ್ಪಿರೇಟರ್ ಕೊಳವೆಯಿಂದ ಹೀರಿ ಹಿಡಿಯುವುದು ನಮ್ಮ ಮಲೇರಿಯಾ ಕೆಲಸದ ಹಳೆಯ ಪದ್ಧತಿ. ಲೆಕ್ಕ ಸುಲಭ: ಇಬ್ಬರು ತಲಾ ಅರ್ಧ ಗಂಟೆ ಹುಡುಕಿ 14 ಸೊಳ್ಳೆ ಹಿಡಿದರೆ ಮ್ಯಾನ್ ಅವರ್ ಡೆನ್ಸಿಟಿ (ಒಬ್ಬರ ಒಂದು ಗಂಟೆಯ ಹುಡುಕಾಟಕ್ಕೆ ಸಿಕ್ಕ ಸೊಳ್ಳೆ) 14. ಮನೆ ಮಾತ್ರ ನೋಡಿ ಕೊಟ್ಟಿಗೆ ಬಿಟ್ಟರೆ, ದನದ ರಕ್ತ ಬಯಸುವ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಕಡಿಮೆ ಇದೆ ಎಂದು ಮೋಸಹೋಗುತ್ತೇವೆ. ಇನ್ನು ಕಾಲು ಚಾಚಿ ಕೂತು, ಕಚ್ಚಲು ಬಂದವನ್ನು ಹಿಡಿಯುವ ಪದ್ಧತಿ. ಮನುಷ್ಯನಿಗೆ ಎಷ್ಟು ಸೊಳ್ಳೆ ಎರಗುತ್ತದೆಂದು ಅದಕ್ಕಿಂತ ನೇರವಾಗಿ ಬೇರಾವುದೂ ಹೇಳದು. ಆದರೂ ಡೆಂಗಿ ಇರುವ ಕಡೆ ಹಾಗೆ ಯಾರನ್ನೂ ಕೂರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಲೇರಿಯಾಕ್ಕಾದರೆ ಮುಂಚಿತವಾಗಿ ಮಾತ್ರೆ ಕೊಡಬಹುದು, ಡೆಂಗಿಗೆ ಅದೂ ಇಲ್ಲ.

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಹಗಲು ಕಚ್ಚುವ ಸೊಳ್ಳೆ, ರಾತ್ರಿಯ ಬಲ್ಬಿಗೆ ಬರುವುದು ಅಪರೂಪ. ಅದಕ್ಕೆ ಬಿಜಿ ಸೆಂಟಿನೆಲ್ ಎಂಬ ಬಲೆ ಇದೆ: ಕಪ್ಪು ಬಿಳಿ ಬಣ್ಣ, ಮನುಷ್ಯನ ಚರ್ಮದ ವಾಸನೆ ಹೋಲುವ ಲ್ಯಾಕ್ಟಿಕ್ ಆಮ್ಲ, ಅಮೋನಿಯಾ. ಚೆನ್ನಾಗಿ ಹಿಡಿಯುತ್ತದೆ, ದುಬಾರಿ. ಬಡವರ ಬಲೆ ಎಂದರೆ ಓವಿಟ್ರ್ಯಾಪ್: ಕಪ್ಪು ಡಬ್ಬಿ, ಅರ್ಧ ನೀರು, ಒಂದು ಒರಟು ಮರದ ಪಟ್ಟಿ. ವಾರದ ಮೇಲೆ ಪಟ್ಟಿಯನ್ನು ಲೆನ್ಸಿನಡಿ ಇಟ್ಟರೆ ನೀರಿನ ಗೆರೆಗುಂಟ ಅಕ್ಕಿಯ ನುಚ್ಚಿಗಿಂತ ಸಣ್ಣ, ಹೊಳೆಯುವ ಕಪ್ಪು ಮೊಟ್ಟೆಗಳು. ವಾರ ದಾಟಿಸಬೇಡಿ, ಡಬ್ಬಿಯಿಂದಲೇ ಸೊಳ್ಳೆ ಹಾರಿಹೋದೀತು. 40 ಡಬ್ಬಿ ಇಟ್ಟು 12ರಲ್ಲಿ ಮೊಟ್ಟೆ ಕಂಡರೆ ಸೂಚ್ಯಂಕ ಶೇ. 30.

ನಾನು ಬಹಳ ದಿನ ತಪ್ಪಾಗಿ ತಿಳಿದಿದ್ದದ್ದು ಇಲ್ಲೇ. ಮೊಟ್ಟೆ ಕಡಿಮೆಯಾದರೆ ಸೊಳ್ಳೆಯೂ ಕಡಿಮೆಯಾಯಿತು ಎಂದುಕೊಂಡಿದ್ದೆ. ಮಳೆ ಶುರುವಾದಾಗ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ ಎಲ್ಲವೂ ತುಂಬುತ್ತವೆ. ಮೊಟ್ಟೆಯಿಡಲು ನೂರು ಜಾಗ ಇರುವಾಗ ನಮ್ಮ ಡಬ್ಬಿಗೆ ಬರುವ ಪಾಲು ಇಳಿಯುತ್ತದೆ. ಅದೇ ಓಣಿಯವರು ಡ್ರಮ್ಮು, ಟೈರು ಎಲ್ಲ ಖಾಲಿ ಮಾಡಿದ ವಾರ, ಉಳಿದ ಸೊಳ್ಳೆಗಳಿಗೆ ನಮ್ಮ ಡಬ್ಬಿಯೇ ಗತಿ: ಸೊಳ್ಳೆ ಇಳಿದಿದ್ದರೂ ಮೊಟ್ಟೆ ಏರಬಹುದು! ಆದ್ದರಿಂದ ಈಡಿಸ್ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಓವಿಟ್ರ್ಯಾಪ್ ನಂಬಿ. ಶುಚಿ ಕೆಲಸ ಫಲ ಕೊಟ್ಟಿತೇ ಎಂಬುದಕ್ಕೆ ಜೊತೆಯಲ್ಲಿ ಲಾರ್ವಾ ಸಮೀಕ್ಷೆಯನ್ನೋ ಬೆಳೆದು ಹಾರುವ ಸೊಳ್ಳೆ ಹಿಡಿಯುವ ಬಲೆಯನ್ನೋ ಇಡಿ.

ಎರಡು ಬಲೆಗಳನ್ನು ನಿಜವಾಗಿ ಹೋಲಿಸಿ ನೋಡಬೇಕಿದ್ದರೆ ಜಾಗ ಬದಲಿಸಬೇಕು. ಕೊಟ್ಟಿಗೆ ಪಕ್ಕದ ಬಲೆ ಗೆದ್ದರೆ ಗೆದ್ದದ್ದು ಬಲೆಯೋ ಕೊಟ್ಟಿಗೆಯೋ? ಮೂರು ಬಲೆ, ಮೂರು ಜಾಗ, ಮೂರು ರಾತ್ರಿ: ಪ್ರತಿ ಬಲೆ ಪ್ರತಿ ಜಾಗದಲ್ಲೂ ಒಂದೊಂದು ರಾತ್ರಿ ಇರಲಿ, ಆಮೇಲೆ ಇನ್ನೊಂದು ಸುತ್ತು. ಬೆಳಿಗ್ಗೆ ಹೋಗುವಾಗ ಫ್ಯಾನು ನಿಂತಿದ್ದರೆ ಸೊಳ್ಳೆಗಳು ಬಂದ ದಾರಿಯಲ್ಲೇ ಹೊರಟಿರುತ್ತವೆ. ಕೋಷ್ಟಕದಲ್ಲಿ ಆ ರಾತ್ರಿಯ ಲೆಕ್ಕದ ಜಾಗದಲ್ಲಿ 0 ಬರೆಯಬೇಡಿ. ಗೆರೆ ಎಳೆದು, 'ಬ್ಯಾಟರಿ ಇಳಿದಿತ್ತು' ಎಂದು ಬರೆಯಿರಿ.