ಪದ ಪರಿಚಯ: ಮುಟ್ಟುಗೋಲು

ಕಳ್ಳಸಾಗಣೆ ಮಾಡುತ್ತಿದ್ದ ಲಾರಿಯನ್ನು ಪೊಲೀಸರು ಹಿಡಿದು ಠಾಣೆಯ ಮುಂದೆ ನಿಲ್ಲಿಸಿದರು ಅಂದುಕೊಳ್ಳಿ. ಲಾರಿ ಈಗ ಯಾರದು? ಇನ್ನೂ ಮಾಲೀಕನದೇ. ಅವನ ಕೈಯಲ್ಲಿಲ್ಲ, ಅಷ್ಟೆ. ಇದು ಜಪ್ತಿ. ಮುಂದೆ ತಪ್ಪು ಸಾಬೀತಾಗಿ, ಲಾರಿ ಇನ್ನು ಸರ್ಕಾರಕ್ಕೆ ಸೇರಿದ್ದು ಎಂದು ಕೋರ್ಟ್ ಆದೇಶ ಕೊಟ್ಟರೆ ಅದು ಮುಟ್ಟುಗೋಲು.

ಸುದ್ದಿಗಳಲ್ಲಿ ಈ ಎರಡನ್ನೂ ಕಲಸಿಬಿಡುವುದೇ ಜಾಸ್ತಿ. ಬೇರೆಯಾಗಿ ಇಟ್ಟುಕೊಂಡರೆ ಒಳ್ಳೆಯದು. 'ಜಪ್ತಿ'ಯ ಮೂಲ ಅರಬ್ಬಿ. ಹಿಡಿದಿಟ್ಟುಕೊಳ್ಳುವುದು ಎಂದು ಅರ್ಥ. ಹಿಡಿದಿಟ್ಟದ್ದನ್ನು ವಾಪಸ್ ಕೊಡಲೂಬಹುದು, ಅಲ್ವಾ?

ದಂಡವೂ ಬೇರೆಯೇ. ದಂಡದ ಹಣವನ್ನು ಸಾಲ ಮಾಡಿಯಾದರೂ ಕಟ್ಟಬಹುದು. ಮುಟ್ಟುಗೋಲಿನಲ್ಲಿ ಹೋಗುವುದು ಆ ವಸ್ತುವೇ.

ಇಂಗ್ಲಿಷಿನಲ್ಲಿ ಇದಕ್ಕೆ ಫೋರ್ಫೀಚರ್ ಎನ್ನುತ್ತಾರೆ. ಹಳೆಯ ಫ್ರೆಂಚ್‌ನಿಂದ ಬಂದ ಈ ಪದ ಮೊದಲು ಅಪರಾಧಕ್ಕೇ ಹೆಸರಾಗಿತ್ತು. ಆಮೇಲೆ ಅಪರಾಧಕ್ಕೆ ತೆರುವ ಬೆಲೆಗೆ ಹೆಸರಾಯಿತು. ಆ ಬೆಲೆ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ರಾಜದ್ರೋಹ ಮಾಡಿದವನ ಜಮೀನು ರಾಜನ ಪಾಲಾಗುತ್ತಿತ್ತು. ತಪ್ಪು ಅಪ್ಪನದು, ಬರಿಗೈ ಆಗುತ್ತಿದ್ದವರು ಮಕ್ಕಳು. 1870ರ ಕಾಯ್ದೆ ಇದನ್ನು ನಿಲ್ಲಿಸಿತು. ಇನ್ನೊಂದು ವಿಚಿತ್ರವೂ ಅಲ್ಲಿತ್ತು. ಗಾಡಿಯೋ ಕುದುರೆಯೋ ಯಾರದಾದರೂ ಸಾವಿಗೆ ಕಾರಣವಾದರೆ ಆ ಗಾಡಿ, ಆ ಕುದುರೆಯೇ ಮುಟ್ಟುಗೋಲು! ರೈಲು ಅಪಘಾತಗಳು ಶುರುವಾದ ಮೇಲೆ ಈ ಪದ್ಧತಿ ತಲೆನೋವಾಗಿ, 1846ರಲ್ಲಿ ಅದನ್ನು ಕೈಬಿಟ್ಟರು.

ಅಪರಾಧವೇ ಆಗಬೇಕೆಂದಿಲ್ಲ, ಮಾತು ತಪ್ಪಿದರೂ ಸಾಕು. ಷೇರಿನ ಬಾಕಿ ಕಂತು ಕಟ್ಟದಿದ್ದರೆ ಕಂಪನಿ ಆ ಷೇರನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಮೊದಲು ಕಟ್ಟಿದ್ದೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಕಳೆದುಕೊಳ್ಳುವುದು ವಸ್ತುವಲ್ಲ, ಆಡುವ ಹಕ್ಕಿನಂಥ ಹಕ್ಕು ಎಂದಾದರೆ ಕನ್ನಡದ ಕಿವಿ 'ಮುಟ್ಟುಗೋಲು' ಪದವನ್ನು ಅಷ್ಟಾಗಿ ಒಪ್ಪುವುದಿಲ್ಲ. 2006ರ ಓವಲ್ ಟೆಸ್ಟ್‌ನಲ್ಲಿ ಚೆಂಡು ಕೆಡಿಸಿದ ಆರೋಪ ಬಂದಾಗ ಪಾಕಿಸ್ತಾನ ತಂಡ ಚಹಾ ವಿರಾಮದ ನಂತರ ಸಮಯಕ್ಕೆ ಮೈದಾನಕ್ಕೆ ಇಳಿಯಲಿಲ್ಲ. ಅಂಪೈರ್‌ಗಳು ಬೇಲ್ಸ್ ತೆಗೆದು ಇಂಗ್ಲೆಂಡ್ ಗೆದ್ದಿತು ಎಂದರು. ಇಂಗ್ಲಿಷಿನಲ್ಲಿ ಅದೂ ಫೋರ್ಫೀಟ್. ನಾವು 'ಪಂದ್ಯ ಮುಟ್ಟುಗೋಲಾಯಿತು' ಅನ್ನುವುದಿಲ್ಲ. 'ಆಡದೆ ಕಳೆದುಕೊಂಡರು' ಅನ್ನುತ್ತೇವೆ.